ಶಿವಮೊಗ್ಗ ಕೋರ್ಟಲ್ಲಿ ಜ್ಯೂರಿ ಯಾಕಿಲ್ಲ, ಜಡ್ಜ್ ಒಬ್ರೇ ಯಾಕೆ ತೀರ್ಪು ಕೊಡ್ತಾರೆ?

ಜ್ಯೂರಿ ಸುಲಭವಾಗಿ ಪೂರ್ವಗ್ರಹಕ್ಕೆ, ಪ್ರಭಾವಕ್ಕೆ ಒಳಗಾಗುತ್ತೆ ಅನ್ನೋದೇ ದೊಡ್ಡ ಕಾರಣ, 1973ರ ದಂಡ ಪ್ರಕ್ರಿಯಾ ಸಂಹಿತೆ ಬಂದಾಗ ಕ್ರಿಮಿನಲ್ ಕೇಸಲ್ಲಿ ಅದು ಪೂರ್ತಿ ಹೋಯ್ತು. ಜ್ಯೂರಿ ಅಂದ್ರೆ ಸಾಮಾನ್ಯ ಜನಾನೇ ಕೂತು ತಪ್ಪಿತಸ್ಥ ಹೌದೋ ಅಲ್ವೋ ಹೇಳೋದು, ಆದ್ರೆ ಯಾಕೆ ಅಂತ ಕಾರಣ ಬರೆದು ಕೊಡಲ್ಲ, ಹಾಗಾಗಿ ಸಾಕ್ಷಿ ನೋಡಿ ಹೇಳಿದ್ರೋ ಜಾತಿ ನೋಡಿ ಹೇಳಿದ್ರೋ ಗೊತ್ತೇ ಆಗಲ್ಲ. ಬಾಂಬೆಯ ನಾನಾವತಿ ಕೇಸಲ್ಲಿ (ನೌಕಾಪಡೆ ಅಧಿಕಾರಿ ನಾನಾವತಿ 1959ರಲ್ಲಿ ಹೆಂಡತಿಯ ಪ್ರಿಯಕರನಿಗೆ ಗುಂಡು ಹೊಡೆದು ಕೊಂದ ಕೇಸು) ಬ್ಲಿಟ್ಜ್ ವಾರಪತ್ರಿಕೆ ಆರೋಪಿ ಪರ ಅಬ್ಬರಿಸ್ತಿತ್ತು, ಜ್ಯೂರಿ 8-1ರಲ್ಲಿ ನಿರ್ದೋಷಿ ಅಂತು, ಹೈಕೋರ್ಟ್ ಒಪ್ಪದೆ ಜೀವಾವಧಿ ಕೊಡ್ತು. ಇನ್ನು ತೀರ್ಥಹಳ್ಳಿ ಕಡೆ ಅಡಿಕೆ ತೋಟದ ಬೇಲಿ ಜಗಳ ಕತ್ತಿ ಹಿಡಿಯೋ ತನಕ ಹೋದ್ರೆ, ಎರಡೂ ಮನೆಗೆ ನೆಂಟರಲ್ಲದ 9 ಜನ ಎಲ್ಲಿ ಸಿಗ್ತಾರೆ ಹೇಳಿ! ಜಡ್ಜಿಗೂ ಪೂರ್ವಗ್ರಹ ಇರಬಹುದು ಬಿಡಿ, ಆದ್ರೆ ಅವ್ರು ಕಾರಣ ಬರೀಲೇಬೇಕು, ಅಪೀಲಲ್ಲಿ ಅದನ್ನ ಸಾಲು ಸಾಲಾಗಿ ಕೆದಕಬಹುದು.