ಜೀನು ಹಾಕೂವಾಗ ಕಚ್ಚಾಕ ಬರೂ ಮಾರವಾಡಿ ಕುದುರಿಗೆ ಯಾವ ಜೀನು ತಗೋಬೇಕು?

ನೀವು ಕೇಳಿದ್ದು ಇಷ್ಟು: ಆರು ವರ್ಷದ ಮಾರವಾಡಿ ಹೆಣ್ಣು ಕುದುರಿ, ಅಕಲೂಜ ಬಜಾರದಾಗ ತಂದದ್ದು, ಬರೇ ಬೆನ್ನಿನ ಮ್ಯಾಲ ಹತ್ತಿದ್ರ ಶಾಂತ ಇರ್ತೈತಿ, ಜೀನು ಕಂಡಕೂಡ್ಲೆ ಕಿವಿ ಹಿಂದ ಹಾಕಿ ಕಚ್ಚಾಕ ಬರ್ತೈತಿ, ಹೊಟ್ಟಿಪಟ್ಟಾ ಬಿಗಿಯೂವಾಗ ಒದಿತೈತಿ, ಊರ ಮಂದಿ ಸೊಕ್ಕಿನ ಕುದುರಿ ಅಂತಾರ, ಈಗ ಮೂವತ್ತು ಸಾವಿರದೊಳಗ ಯಾವ ಕಂಪನಿ ಜೀನು ಚೊಲೊ ಅಂತ. ಬರೇ ಬೆನ್ನಿನ ಮ್ಯಾಲ ಶಾಂತ ಇರ್ತೈತಿ ಅಂದ್ರಲ್ಲ, ಅರ್ಧ ಉತ್ತರ ಅಲ್ಲೇ ಐತಿ ನೋಡ್ರಿ. ಅದು ಸೊಕ್ಕಲ್ಲ, ನೋವು. ಕಂಪನಿ ಹೆಸರು ಆಮ್ಯಾಲ ನೋಡೂಣು, ಮೊದ್ಲ ಆಕಿ ಬೆನ್ನಿನ ಅಳತಿ ತಗೋರಿ.

ನಮ್ಮದು ಜತ್ತ ತಾಲೂಕು, ಮನ್ಯಾಗ ಅಜ್ಜನ ಕಾಲದಿಂದ ಕುದುರಿ ಅದಾವು. ನಮ್ಮ ಕಡೆ ಕುದುರಿ ಅಂದ್ರ ಹೆಚ್ಚಾಗಿ ಮದವಿ ಮೆರವಣಿಗಿ ಇಲ್ಲಾ ಜಾತ್ರಿ, ಹಿಂಗಾಗಿ ಜೀನು ನೋಡೂವಾಗ ಜರಿ ಎಷ್ಟೈತಿ ಗೊಂಡೆ ಎಷ್ಟದಾವು ಅಂತ ನೋಡ್ತಾರ, ಒಳಗಿನ ಚೌಕಟ್ಟು ಎಲ್ಲಿ ಕೂಡ್ತೈತಿ ಅಂತ ಯಾರೂ ಬಗ್ಗಿ ನೋಡೂದಿಲ್ಲ. ಅಂಕಲಿ ಶಿತೋಳೆ ಸರದಾರರ ಮನಿಯಿಂದ ಆಳಂದಿಗೆ ಹೋಗೂ ಮಾವುಲಿ ಕುದುರಿ, ಅಂದ್ರ ಪಂಢರಪುರ ವಾರ್ಯಾಗ ಸಂತ ಜ್ಞಾನೇಶ್ವರರ ಪಾಲಖಿ ಜೋಡಿ ನಡಿಯೂ ಕುದುರಿ, ಅದರ ಮ್ಯಾಲ ಯಾರೂ ಕೂಡೂದಿಲ್ಲ, ರಿಂಗಣದಾಗ, ಅಂದ್ರ ಮಂದಿ ನಡುವ ಆ ಕುದುರಿ ಸುತ್ತು ಓಡೂವಾಗ, ಅದರ ಕಾಲಾಗಿನ ಮಣ್ಣು ತಗೊಂಡು ಹಣಿಗೆ ಹಚ್ಕೊಳ್ಳೂ ಮಂದಿ ನಾವು, ಅದೇ ಮಂದಿ ಸ್ವಂತ ಕುದುರಿ ಬೆನ್ನಿನ ಮ್ಯಾಲ ಬಿಳಿ ಕೂದ್ಲು ಬಂದ್ರ ಬಣ್ಣದ ಚುಕ್ಕಿ ಅಂತ ಬಿಟ್ಟುಬಿಡ್ತಾರ, ಇದು ನನಗ ಭಾಳ ಸಂಕಟ ಆಗ್ತೈತಿ. ಜೀನು ಒಂದೇ ಜಾಗಾದಾಗ ಒತ್ತಿ ಒತ್ತಿ ಕೂದಲಿನ ಬೇರಿನ ಬಣ್ಣ ಸತ್ತಮ್ಯಾಲ ಬರೂವು ಆ ಬಿಳಿ ಕೂದ್ಲು. ನಿಮ್ಮ ಕುದುರಿಗೂ ಹೆಗಲ ದಿಣ್ಣಿಯ (ಕುತ್ತಿಗಿ ಮುಗದು ಬೆನ್ನು ಸುರು ಆಗೂ ಕಡೆ ಎದ್ದ ಎಲಬು) ಎರಡೂ ಬಾಜೂ ಹಂಗೇನರ ಅದಾವೇನು, ಇವತ್ತ ನೋಡ್ರಿ.

ಜೀನು ಕೊಳ್ಳೂಕ್ಕಿಂತ ಮುಂಚೆ ಒಮ್ಮೆ ಡಾಕ್ಟರಿಗೆ ತೋರಸ್ರಿ. ಹೊಟ್ಟಿಪಟ್ಟಾ ಬಿಗಿದಾಗ ಒದಿಯೂ ಕುದುರಿಗೆ ಜಠರದಾಗ ಅಲ್ಸರ್ ಇರಬಹುದು, ಬೆನ್ನೆಲಬಿನ ತೊಂದರಿ ಇರಬಹುದು, ಅವೆರಡನ್ನೂ ಯಾವ ಜೀನೂ ವಾಸಿ ಮಾಡೂದಿಲ್ಲ. ಅದೇ ಹೊತ್ತಿನ್ಯಾಗ ಹಲ್ಲೂ ನೋಡಾಕ ಹೇಳ್ರಿ, ದವಡಿ ಹಲ್ಲಿನ ಮುಂದ ಉಲ್ಫ್ ಟೀತ್ ಅಂತ ಸಣ್ಣ ಹಲ್ಲು ಕೆಲವು ಕುದುರಿಗೆ ಇರ್ತೈತಿ, ಲಗಾಮಿನ ಕಬ್ಬಿಣ ಅದಕ್ಕ ಬಡಿದ್ರ ತಲಿ ಝಾಡಸ್ತಾವು.

ಈಗ ಅಳತಿ. ಸ್ಟೇಷನರಿ ಅಂಗಡ್ಯಾಗ ಬಾಗೂ ರಬ್ಬರ್ ಸ್ಕೇಲ್ ಸಿಗ್ತೈತಿ, ಸಿಗಲಿಲ್ಲಂದ್ರ ವೈರಿಂಗ್ ಮಾಡೂ ದಪ್ಪ ತಂತಿ ಒಂದು ಮೊಳ ತಗೋರಿ. ಕುದುರಿನ್ನ ಸಪಾಟ ನೆಲದ ಮ್ಯಾಲ ನಾಕೂ ಕಾಲು ಸಮಾ ಇಟ್ಟು ನಿಲ್ಲಸ್ರಿ. ಭುಜದ ಅಗಲ ಎಲಬಿನ ಹಿಂದಿನ ಅಂಚು ಕೈಯಿಂದ ಹುಡುಕ್ರಿ, ಅದರಿಂದ ಎರಡು ಮೂರು ಬೆರಳು ಹಿಂದ ತಂತಿನ್ನ ಬೆನ್ನಿನ ಮ್ಯಾಲ ಅಡ್ಡ ಇಟ್ಟು ಒತ್ತಿ ಆಕಾರ ಬರಿಸಿ, ಎತ್ತಿ ರಟ್ಟಿನ ಮ್ಯಾಲ ಇಟ್ಟು ಪೆನ್ಸಿಲ್ಲಿನಿಂದ ಗೆರಿ ಹೊಡೀರಿ. ಇಂಥಾದ್ದು ಇನ್ನೆರಡು, ಒಂದು ಬೆನ್ನಿನ ನಡುಮಧ್ಯ, ಒಂದು ಕಡೀ ಪಕ್ಕೆಲಬಿನ ನೇರಕ್ಕ. ಕುದುರಿಗೆ ಒಂದೊಂದು ಬಾಜೂಕ 18 ಪಕ್ಕೆಲಬು, ಕಡೀದನ್ನ ಹೊಟ್ಟಿ ಕಡೆಯಿಂದ ಹಿಡಕೊಂಡು ಮ್ಯಾಲಕ ಹೋದ್ರ ಬೆನ್ನಿಗೆ ಎಲ್ಲಿ ಕೂಡ್ತೈತಿ ಗೊತ್ತಾಗ್ತೈತಿ, ಜೀನಿನ ಭಾರ ಆ ಗೆರಿ ದಾಟಿ ಹಿಂದ ಹೋಗಬಾರದು, ಅಲ್ಲಿಂದ ಹಿಂದ ಸೊಂಟ, ಕೆಳಗ ಪಕ್ಕೆಲಬಿನ ಆಸರಿಲ್ಲ. ಭುಜದ ಎಲಬಿನಿಂದ ಆ ಗೆರಿ ತನಕ ಎಷ್ಟು ಇಂಚು ಐತಿ ಅದೂ ಬರಕೋರಿ. ಮಾರವಾಡಿ ಬೆನ್ನು ಗಿಡ್ಡ ಇದ್ದು ಸವಾರ ದೊಡ್ಡಾಂವ ಇದ್ರ ಖರೇ ತೊಂದರಿ ಇಲ್ಲೇ ಬರ್ತೈತಿ, ಸವಾರಗ ಬೇಕಾದಷ್ಟು ಉದ್ದ ಜೀನು ಕುದುರಿ ಬೆನ್ನಿನ್ಯಾಗ ಹಿಡಿಸೂದಿಲ್ಲ.

ಮಾರವಾಡಿಗೆ ಹೆಗಲ ದಿಣ್ಣಿ, ಅಂದ್ರ ವಿದರ್ಸ್, ಎದ್ದು ಕಾಣ್ತೈತಿ, ಅದರ ಬಾಜೂಕ ಮಾಂಸ ಕಡಿಮಿ ಇದ್ರ ಅಗಲ ಚೌಕಟ್ಟಿನ ಜೀನು ಮುಂದಕ ಬಾಗಿ ಸೀದಾ ದಿಣ್ಣಿ ಮ್ಯಾಲ ಕೂಡ್ತೈತಿ. ಇಕ್ಕಟ್ಟಿನ ಚೌಕಟ್ಟು ಹಾಕಿದ್ರ ಎರಡೂ ಭುಜದ ಹಿಂದ ಚಿಮಟಿ ಹಿಡಿದಂಗ ಹಿಡಿತೈತಿ. ಅದಕ್ಕ ರಟ್ಟು ಕತ್ತರಿಸಿ ಜೀನಿನ ಮುಂದಿನ ಕಮಾನಿನೊಳಗ ಇಟ್ಟು ನೋಡ್ರಿ, ಎರಡರ ಇಳಿಜಾರೂ ಒಂದೇ ಇರಬೇಕು.

ಅಂಗಡ್ಯಾಗಿಂದ ಜೀನು ಬಂದಮ್ಯಾಲ ಕೆಳಗ ಪ್ಯಾಡ್ ಏನೂ ಹಾಕದ ಬರೇ ಜೀನು ಇಡ್ರಿ, ಸ್ವಲ್ಪ ಮುಂದ ಇಟ್ಟು ಹಿಂದಕ ಸರಸ್ರಿ, ತಾನ ಒಂದ ಕಡೆ ಬಂದು ನಿಂದರ್ತೈತಿ, ಅಲ್ಲೇ ಬಿಡ್ರಿ. ನಮ್ಮ ಮಂದಿ ಜೀನು ಭಾಳ ಮುಂದ ಕಟ್ತಾರ, ಮುಂಗಾಲು ಮುಂದಕ ಚಾಚಿದಾಗ ಭುಜದ ಎಲಬಿನ ಮ್ಯಾಲಿನ ತುದಿ ಹಿಂದಕ ಸರಿತೈತಿ, ಜೀನು ಅಲ್ಲೇ ಇದ್ರ ಹೆಜ್ಜಿಗೊಮ್ಮೆ ಅದಕ್ಕ ಬಡಿತೈತಿ, ಆಗ ಕುದುರಿ ಹೆಜ್ಜಿ ಗಿಡ್ಡ ಮಾಡ್ತೈತಿ, ನಾವು ಆಳಸಿ ಅಂತ ಬೈತೀವಿ. ನೀವು ಹತ್ತಿ ಕೂತಮ್ಯಾಲೂ ದಿಣ್ಣಿಗೂ ಜೀನಿಗೂ ನಡುವ ಎರಡು ಬೆರಳು ಸಂದಿ ಉಳಿಬೇಕು. ಬೆನ್ನೆಲಬಿನ ಮ್ಯಾಲ ಹಿಂದಿನಿಂದ ನೋಡಿದ್ರ ಬೆಳಕು ಕಾಣಬೇಕು, ಜೀನಿನ ಕೆಳಗ ಎರಡು ಮೆತ್ತಿ ನಡುವ ಇರೂ ಆ ಕಾಲುವಿ ಉದ್ದಕ್ಕೂ ಮೂರು ನಾಕು ಬೆರಳು ಅಗಲ ಬೇಕು. ಆಮ್ಯಾಲ ಅಂಗೈ ಮ್ಯಾಲಕ ಮಾಡಿ ಜೀನಿನ ಕೆಳಗ ಮುಂದಿನಿಂದ ಹಿಂದಕ ಸರಸ್ರಿ, ಮುಂದ ಬಿಗಿ, ಹಿಂದ ಬಿಗಿ, ನಡುವ ಕೈ ಸಡಲಾತು ಅಂದ್ರ ಜೀನು ಸೇತುವಿ ಆಗೇತಿ, ನಿಮ್ಮ ಪೂರ್ತಿ ಭಾರ ನಾಕು ಮೂಲಿ ಮ್ಯಾಲ ಬೀಳ್ತೈತಿ, ಅಂಥಾದ್ದು ಬ್ಯಾಡೇ ಬ್ಯಾಡ.

ದಪ್ಪ ಜೆಲ್ ಪ್ಯಾಡ್ ಹಾಕ್ರಿ ಅಂತ ಹೇಳೂ ಮಂದಿ ಭಾಳ ಸಿಗ್ತಾರ. ಬಿಗಿ ಚಪ್ಪಲಿಯೊಳಗ ದಪ್ಪ ಕಾಲ್ಚೀಲ ಹಾಕಿದ್ರ ಇನ್ನಷ್ಟು ಬಿಗಿ ಆಗೂದಿಲ್ಲೇನು, ಇದೂ ಹಂಗ. ತೆಳು ಹತ್ತಿ ಪ್ಯಾಡ್ ಒಂದು ಸಾಕು, ಅದನ್ನೂ ಜೀನಿನ ಕಾಲುವಿಯೊಳಗ ಮ್ಯಾಲಕ ಎಳದು ಕಟ್ರಿ, ದಿಣ್ಣಿ ಮ್ಯಾಲ ಬಿಗಿ ಕೂಡಬಾರದು.

ಅರ್ಧ ತಾಸು ಓಡಾಡಿಸಿ ಜೀನು ತಗದ ಕೂಡ್ಲೆ ಬೆನ್ನು ನೋಡ್ರಿ. ಬೆವರು ಎರಡೂ ಬಾಜೂ ಸಮಾ ಇದ್ದು ನಡು ಗೆರಿ ಅಷ್ಟ ಒಣಗಿದ್ರ ಸರಿ. ಬೆವರಿನ ನಡುವ ಅಂಗೈ ಅಷ್ಟು ಒಣ ಕಲೆ ಕಂಡ್ರ ಅಲ್ಲಿ ಭಾಳ ಒತ್ತಾಕತ್ತೈತಿ ಅಥವಾ ಮುಟ್ಟೇ ಇಲ್ಲ, ಕೈ ಹಾಕಿ ನೋಡಿದ್ರ ಎರಡರಾಗ ಯಾವುದು ಅಂತ ತಿಳಿತೈತಿ. ಮರುದಿನ ಮುಂಜಾನೆ ಬೆನ್ನುದ್ದಕ್ಕೂ ಬೆರಳಿನಿಂದ ಹಗೂರ ಒತ್ತಿಕೋತ ಹೋಗ್ರಿ, ಎಲ್ಲಿ ಬೆನ್ನು ತಗ್ಗಸ್ತೈತಿ, ಎಲ್ಲಿ ಚರ್ಮ ನಡಗಸ್ತೈತಿ ನೋಡ್ರಿ. ಸವಾರಿ ಮಾಡೂವಾಗಿನ ಲಕ್ಷಣಕ್ಕ ಇಂಗ್ಲೆಂಡಿನ ಪಶುವೈದ್ಯೆ ಸ್ಯೂ ಡೈಸನ್ ಅವರು 2018ರಾಗ 24 ವರ್ತನಿಗಳ ಪಟ್ಟಿ ಮಾಡ್ಯಾರ, ಕಿವಿ ಹಿಂದ ಹಾಕೂದು, ಬಾಲ ಬೀಸೂದು, ಬಾಯಿ ತಗಿಯೂದು ಇಂಥಾವು, ಅದರಾಗ 8 ಅಥವಾ ಹೆಚ್ಚು ಕಂಡ್ರ ಕುದುರಿಗೆ ನೋವು ಇರೂ ಸಂಭವ ಐತಿ ಅಂತ. ಯಾರಿಗರ ಮೊಬೈಲ್‌ನ್ಯಾಗ ವಿಡಿಯೋ ತಗಿಯಾಕ ಹೇಳಿ ಮನ್ಯಾಗ ಕೂತು ನೋಡ್ರಿ, ಮ್ಯಾಲ ಕೂತಾವರಿಗೆ ಅರ್ಧ ಕಾಣೂದಿಲ್ಲ.

ಹೊಟ್ಟಿಪಟ್ಟಾ ಮೊಣಕೈ ಹಿಂದ ನಾಕು ಬೆರಳು ಬಿಟ್ಟು ಬರಬೇಕು. ಒಮ್ಮೆಲೆ ಬಿಗಿಬ್ಯಾಡ್ರಿ, ಒಂದು ತೂತು ಬಿಗಿದು ನಾಕು ಹೆಜ್ಜಿ ನಡಸ್ರಿ, ಮತ್ತ ಒಂದು, ಮುಂಗಾಲು ಒಂದೊಂದಾಗಿ ಮುಂದಕ ಎಳದು ಪಟ್ಟಾದ ಕೆಳಗಿನ ಚರ್ಮದ ಸುಕ್ಕು ಬಿಡಸ್ರಿ. ಎಲಾಸ್ಟಿಕ್ ಇದ್ರ ಎರಡೂ ಕಡೆ ಇರಲಿ, ಒಂದ ಕಡೆ ಇದ್ರ ಜೀನು ವಾರಿ ಆಗ್ತೈತಿ. ನಮ್ಮ ಬಿಸಿಲಿಗೆ ಬೆವರಿನ ಉಪ್ಪು ಪಟ್ಟಾದ ಮ್ಯಾಲ ಒಣಗಿ ಖರಖರ ಆಗ್ತೈತಿ, ತೆಳು ಚರ್ಮದ ಕುದುರಿಗೆ ಅದೊಂದ ಸಾಕು ಹುಣ್ಣಾಗಾಕ, ತೊಳಿರಿ.

ತಲಿ ಕಡೆ ಒಂದು ಮಾತು, ಇದನ್ನ ಭಾಳ ಮಂದಿ ಬಿಡ್ತಾರ. ಮಾರವಾಡಿ ಕಿವಿ ಒಳಗ ಬಾಗಿ ತುದಿ ಕೂಡ್ತಾವು, ಅವನ್ನ ಎಲ್ಲಾ ಕಡೆ ತಿರುಗಸ್ತಾವು. ರೆಡಿಮೇಡ್ ಲಗಾಮಿನ ಹಣಿಪಟ್ಟಿ ಗಿಡ್ಡ ಇದ್ರ ತಲಿಪಟ್ಟಿನ್ನ ಮುಂದಕ ಜಗ್ಗಿ ಕಿವಿ ಬುಡ ಕೊರಿತೈತಿ. ಹಣಿಪಟ್ಟಿ ಕೆಳಗ ಎರಡು ಬೆರಳು ಸಲೀಸು ಹೋಗಬೇಕು. ಹಂಗ ಮೂಗುಪಟ್ಟಿ, ಮೂಗಿನ ಎಲಬಿನ ಮ್ಯಾಲ ಎರಡು ಬೆರಳು. ಬಾಯಾಗಿನ ಕಬ್ಬಿಣ ತುಟಿ ಅಂಚಿನಿಂದ ಎರಡೂ ಕಡೆ ಅರ್ಧ ಸೆಂಟಿಮೀಟರ್ ಹೊರಗ ಇರಲಿ, ದಪ್ಪ ಇದ್ದಷ್ಟೂ ಮೆತ್ತಗ ಅನ್ನೂದು ಖರೆ ಅಲ್ಲ, ಬಾಯಿ ಸಣ್ಣದಿದ್ರ ದಪ್ಪ ಕಬ್ಬಿಣಕ್ಕ ನಾಲಿಗಿ ಅಡಕೊಳ್ಳೂದು. ಇನ್ನ ಬಜಾರದಾಗ ಕುದುರಿ ಜೋಡಿ ಮುಳ್ಳಿನ ಲಗಾಮು ಕೊಟ್ಟಿದ್ರ ಇವತ್ತ ತಗದು ಒಗೀರಿ, ಹತ್ತಾಕಾಗಲಿ ಗಾಡಿ ಹೊಡಿಯಾಕಾಗಲಿ ಮುಳ್ಳಿನ ಲಗಾಮು ಬಳಸಬಾರದು ಅಂತ 1965ರ ಕೇಂದ್ರದ ಪ್ರಾಣಿ ಹಿಂಸಾ ತಡೆ ನಿಯಮದಾಗ ಐತಿ, ಇಷ್ಟು ವರ್ಷ ಆದ್ರೂ ಜಾತ್ರ್ಯಾಗ ನೇತ ಹಾಕಿ ಮಾರ್ತಾರ.

ನಿಮ್ಮ ತೂಕನೂ ಲೆಕ್ಕಕ್ಕ ತಗೋರಿ. ಕುದುರಿ ಎದಿ ಸುತ್ತಳತಿ ಸೆಂಟಿಮೀಟರ್‌ನ್ಯಾಗ ಅಳದು, ಅದನ್ನ ಅದಕ್ಕ ಗುಣಿಸಿ, ಮತ್ತ ಭುಜದ ಮುಂದಿನ ತುದಿಯಿಂದ ಕುಂಡಿ ಎಲಬಿನ ತನಕದ ಉದ್ದಕ್ಕ ಗುಣಿಸಿ 11,880ರಿಂದ ಭಾಗಸ್ರಿ, ಸುಮಾರು ತೂಕ ಕಿಲೋದಾಗ ಬರ್ತೈತಿ. ಸುತ್ತಳತಿ 165, ಉದ್ದ 150 ಅಂದ್ರ 344 ಕಿಲೋ, ಅದರ ಐದರಾಗ ಒಂದು ಭಾಗ ಜೀನು ಸೇರಿ 69 ಕಿಲೋ, ಅದಕ್ಕಿಂತ ಹೆಚ್ಚು ಹೇರಬ್ಯಾಡ್ರಿ. ಹತ್ತೂವಾಗ ರಿಕಾಬಿಗೆ (ಜೀನಿನ ಬಾಜೂಕ ಕಾಲಿಡೂ ಬಳಿ) ಜೋತು ಬೀಳದ ಕಟ್ಟಿ ಮ್ಯಾಲಿಂದ ಹತ್ರಿ, ದಿನಾ ಎಡಕ್ಕ ಜಗ್ಗಿ ಜಗ್ಗಿ ಜೀನು ತಿರುಚಿಕೊಳ್ತೈತಿ.

ದುಡ್ಡಿನ ಮಾತು. ಕಾನ್ಪುರದಾಗ ಜೀನು ಮಾಡೂವ್ರು ಭಾಳ ಮಂದಿ ಅದಾರ, ವಿದೇಶಕ್ಕೂ ಅಲ್ಲಿಂದ ಹೋಗ್ತಾವು. ಹೊಸದು ತಗೊಳ್ಳೂದಿದ್ರ ರಟ್ಟಿನ ಗೆರಿ ಫೋಟೋ, ಅಳತಿ ಕಳಿಸಿ, ಹೊಂದಲಿಲ್ಲಂದ್ರ ವಾಪಸ್ ತಗೋತೀರೇನು ಅಂತ ಬರದು ಕೇಳ್ರಿ, ಇಲ್ಲ ಅಂದಾವ್ರ ಹತ್ರ ತಗೋಬ್ಯಾಡ್ರಿ. ನನ್ನ ಕೇಳಿದ್ರ ಅಗ್ಗದ ಹೊಸದಕ್ಕಿಂತ ಒಳಗ ಕುರಿ ಉಣ್ಣೆ ತುಂಬಿದ ಹಳೇ ಚೊಲೊ ಜೀನು ಮೇಲು, ಉಣ್ಣೆ ಆದ್ರ ಬಿಚ್ಚಿ ಹೆಚ್ಚು ಕಡಿಮಿ ಮಾಡಸಬಹುದು, ಫೋಮ್ ಇದ್ರ ಆಗೂದಿಲ್ಲ. ಹಳೇದು ತಗೊಳ್ಳೂವಾಗ ಮುಂದಿನ ಕಮಾನು ತೊಡಿಗೆ ಆನಿಸಿ ಹಿಂದಿನ ತುದಿ ನಿಮ್ಮ ಕಡೆ ಜಗ್ಗಿ ನೋಡ್ರಿ, ನಡುವ ಮಡಚಿದ್ರ ಇಲ್ಲಾ ಕಟಕಟ ಅಂದ್ರ ಚೌಕಟ್ಟು ಮುರದೈತಿ. ಹಣಿಪಟ್ಟಿ, ರಿಕಾಬಿನ ಪಟ್ಟಿ ಇಂಥಾವನ್ನ ಅಥಣಿ ಚಪ್ಪಲಿ ಹೊಲಿಯೂವ್ರ ಹತ್ರ ಅಳತಿ ಕೊಟ್ಟು ಮಾಡಸ್ರಿ, ಚರ್ಮ ಅವರಿಗೆ ಗೊತ್ತೈತಿ, ಹೊಲಿಗಿ ಗಟ್ಟಿ.

ಸರಿ ಜೀನು ಬಂದ ಮರುದಿನಾನೂ ಆಕಿ ಕಚ್ಚಾಕ ಬರಬಹುದು, ನೋವಿನ ನೆನಪು ಅಷ್ಟು ಬೇಗ ಹೋಗೂದಿಲ್ಲ, ಹೊಡೀಬ್ಯಾಡ್ರಿ. ಮೊದ್ಲ ಕೆಲವು ದಿನ ಜೀನು ಬೆನ್ನಿಗೆ ಇಟ್ಟು, ಒಂದು ಮುಷ್ಟಿ ಕಡ್ಲಿ ತಿನಿಸಿ, ಪಟ್ಟಾ ಕಟ್ಟದ ತಗೀರಿ. ಮೈ ತುಂಬಿದ್ರ ಇಲ್ಲಾ ಬ್ಯಾಸಗ್ಯಾಗ ಸೊರಗಿದ್ರ ಬೆನ್ನಿನ ಆಕಾರ ಬದಲಾಗ್ತೈತಿ, ಆರು ತಿಂಗಳಿಗೊಮ್ಮೆ ಅದೇ ರಟ್ಟು ಇಟ್ಟು ನೋಡ್ರಿ. ಈಗ ಇರೂ ಜೀನು ಪ್ಯಾಡ್ ಇಲ್ಲದ ಬೆನ್ನಿನ ಮ್ಯಾಲ ಇಟ್ಟು ಬಾಜೂದಿಂದ ಒಂದು, ಹಿಂದಿನಿಂದ ಒಂದು ಫೋಟೋ, ಮೂರೂ ರಟ್ಟಿನ ಫೋಟೋ ಇಲ್ಲೇ ಹಾಕ್ರಿ, ಅದನ್ನೇ ರಿಪೇರಿ ಮಾಡಸಬಹುದೋ ಬದಲಿ ಮಾಡಬೇಕೋ ನೋಡಿ ಹೇಳ್ತೀನಿ.