ಗೊಬ್ಬರದಿಂದ ಶಕ್ತಿ ವಾಪಸ್ ಬರುತ್ತಾ?

ಚಿತ್ರದುರ್ಗದ ಜೋಗಿಮಟ್ಟಿ ಕಾಡಿನ ಆಹಾರ ಸರಪಳಿಯ ಚಾರ್ಟಿನಲ್ಲಿ ಶಕ್ತಿಯ ಲೆಕ್ಕವಾಗಿ ಹುಲ್ಲಿಗೆ 10,000, ಮೊಲಕ್ಕೆ 1,000, ಚಿರತೆಗೆ 100 ಅಂತ ಬರೆದು, ಉಳಿದ 9,000 ಗೊಬ್ಬರವಾಗಿ ಹುಲ್ಲಿಗೇ ಸೇರುತ್ತಾ ಅಂತ ಕೇಳಿದ್ದೀರಿ. ಇಲ್ಲ, ಸೇರಲ್ಲ. ಗೊಬ್ಬರದಿಂದ ಹುಲ್ಲಿಗೆ ಸಿಗೋದು ಸಾರಜನಕ, ರಂಜಕದಂಥ ಪೋಷಕಾಂಶ. ಶಕ್ತಿಗೆ ಬಿಸಿಲೇ ಬೇಕು.

ಆ 9,000ದಲ್ಲಿ ಒಂದಷ್ಟನ್ನು ಮೊಲ ಮುಟ್ಟೋದೇ ಇಲ್ಲ, ಒಣಗಿ ಗೆದ್ದಲಿನ ಪಾಲಾಗುತ್ತೆ. ತಿಂದದ್ದರಲ್ಲೂ ನಾರು ಹಿಕ್ಕೆಯಾಗಿ ಹೊರಬೀಳುತ್ತೆ. ಅರಗಿದ್ದರಲ್ಲಿ ಬಹುಪಾಲು ಉಸಿರಾಟದಲ್ಲೇ ಖರ್ಚು: ಮೊಲ ಬಿಸಿರಕ್ತದ ಪ್ರಾಣಿ, ಮೈ ಬೆಚ್ಚಗಿಡೋಕೇ ಸಿಕ್ಕಾಪಟ್ಟೆ ಶಕ್ತಿ ಬೇಕು. ಮಿಡತೆಗೆ ಆ ಖರ್ಚಿಲ್ಲ, ಅರಗಿಸಿಕೊಂಡದ್ದರಲ್ಲಿ ಹೆಚ್ಚು ಪಾಲು ಮೈಗೆ ಹತ್ತುತ್ತೆ. ಒಂದು ಹಂತದಿಂದ ಮುಂದಿನದಕ್ಕೆ ಶಕ್ತಿಯ ಹತ್ತರಲ್ಲೊಂದು ಪಾಲು ದಾಟುತ್ತೆ ಅನ್ನೋ ಈ 10%, ಪರಿಸರ ವಿಜ್ಞಾನಿ ಲಿಂಡೆಮನ್‌ರ 1942ರ ಲೇಖನದಿಂದ ಬೆಳೆದುಬಂದದ್ದು, ಬರೀ ಅಂದಾಜು.

ಹಿಕ್ಕೆ, ಸಗಣಿಯ ಶಕ್ತಿ ಎಲ್ಲಿ ಹೋಯ್ತು? ಚಳಿಗಾಲದ ಬೆಳಗ್ಗೆ ಹಸಿ ತಿಪ್ಪೆ ಬಗೆದು ನೋಡಿ, ಹಬೆ ಏಳುತ್ತೆ. ಸೂಕ್ಷ್ಮಜೀವಿಗಳು ಬಳಸಿದ ಶಕ್ತಿಯೇ ಆ ಬಿಸಿ, ಅದು ಗಾಳಿಗೆ ಹೋಯ್ತು.

ಚಾರ್ಟಲ್ಲಿ ಪ್ರತಿ ಹಂತದಿಂದಲೂ ಶಾಖದ ಬಾಣ ಹೊರಕ್ಕೆ ಬಿಡಿಸಿ, ಪೋಷಕಾಂಶದ ಬಾಣ ಮಾತ್ರ ಮಣ್ಣಿಗೆ ತಿರುಗಿಸಿ. ಅಂಕಿಗಳ ಮುಂದೆ ಘಟಕ ಬಿಟ್ಟಿದ್ದೀರಿ: ಚದರ ಮೀಟರಿಗೆ ವರ್ಷಕ್ಕೆ ಇಷ್ಟು ಕಿಲೋಜೂಲ್ ಅಂತ ಹಾಕಿ.