ಯಾಕೋಬ ಹೊರಟದ್ದು ನರಕಕ್ಕೇ?

ಪ್ರಶ್ನೆ: ಮಗ ಯೋಸೇಫ ಸತ್ತನೆಂದು ನಂಬಿದ ಯಾಕೋಬ, ಗೋಳಾಡುತ್ತಲೇ ಪಾತಾಳಕ್ಕಿಳಿದು ಅವನನ್ನು ಸೇರುತ್ತೇನೆ ಎನ್ನುತ್ತಾನೆ (ಬೈಬಲ್ಲಿನ ಆದಿಕಾಂಡ 37). ಅಂಥ ಭಕ್ತನಿಗೂ ನರಕವೇ? ಒಬ್ಬ ಬೋಧಕರು ಹೌದೆಂದರು. ಇನ್ನೊಬ್ಬರು, ಪಾತಾಳವೆಂದರೆ ಬರೀ ಸಮಾಧಿ ಎಂದರು. ಯಾರದು ಸರಿ?

ಉತ್ತರ: ಮೊದಲನೆಯವರದು ತಪ್ಪು, ಎರಡನೆಯವರದು ಅರ್ಧ ಸರಿ. ಯಾಕೋಬನ ಬಾಯಲ್ಲಿರುವ ಹೀಬ್ರೂ ಪದ ‘ಷಿಯೋಲ್’. ಒಳ್ಳೆಯವರು ಕೆಟ್ಟವರೆನ್ನದೆ ಸತ್ತವರೆಲ್ಲ ಇಳಿಯುವ ಮಬ್ಬುಗತ್ತಲ ತಾಣವದು. 1611ರ ಇಂಗ್ಲಿಷ್ ಬೈಬಲ್ ಈ ಒಂದೇ ಪದವನ್ನು 31 ಕಡೆ ನರಕ, 31 ಕಡೆ ಸಮಾಧಿ, 3 ಕಡೆ ಗುಂಡಿ ಎಂದು ಅನುವಾದಿಸಿತು. ಯಾಕೋಬನಿಗೆ ಸಮಾಧಿ ಸಿಕ್ಕಿತು, ದುಷ್ಟರಿಗೆ ನರಕ. ದೇವರಿಗಿಂತ ಮೊದಲೇ ಅನುವಾದಕರು ತೀರ್ಪು ಕೊಟ್ಟುಬಿಟ್ಟರು! ಕನ್ನಡಕ್ಕೆ ತಂದವರು ‘ಪಾತಾಳ’ ಎಂದದ್ದೇ ವಾಸಿ. ನಮ್ಮ ಕಿವಿಗೆ ಅದು ಕೆಳಗಿನ ಲೋಕ, ಸೆರೆಮನೆಯಲ್ಲ.

ಸುಡುವ ನರಕದ ಪದ ಬೇರೆ: ‘ಗೆಹೆನ್ನ’. ಜೆರುಸಲೇಮಿನ ದಕ್ಷಿಣಕ್ಕಿರುವ ಹಿನ್ನೋಮ್ ಕಣಿವೆಯಿಂದ ಬಂದದ್ದು. ಮೋಲೆಕನೆಂಬ ದೇವತೆಗೆಂದು ಮಕ್ಕಳನ್ನು ಬೆಂಕಿಗೆ ಕೊಟ್ಟ ಜಾಗ. ಊರಿನ ಕಸ ಅಲ್ಲಿ ಸದಾ ಉರಿಯುತ್ತಿತ್ತು ಎಂದು ನಾನೂ ವರ್ಷಗಟ್ಟಲೆ ಪಾಠ ಹೇಳಿದ್ದೇನೆ. 1200ರ ಸುಮಾರಿನ ಯಹೂದಿ ಧರ್ಮಗುರು (ರಬ್ಬಿ) ದಾವೀದ್ ಕಿಮ್ಹಿಯ ವ್ಯಾಖ್ಯಾನಕ್ಕಿಂತ ಹಿಂದೆ ಆ ಮಾತಿಗೆ ಆಧಾರವೇ ಕಾಣುವುದಿಲ್ಲವೆಂದು ತಿಳಿದದ್ದು ತಡವಾಗಿ. ನನ್ನ ಹಳೆಯ ವಿದ್ಯಾರ್ಥಿಗಳು ಕ್ಷಮಿಸಲಿ.

ಯಹೂದಿ ರಬ್ಬಿಗಳು ಆ ಶಿಕ್ಷೆಗೂ ಗಡುವು ಹಾಕಿದರು: ಅವರ ಹಳೆಯ ಧರ್ಮನಿಯಮಗಳ ಸಂಗ್ರಹವಾದ ಮಿಷ್ನಾದ ಪ್ರಕಾರ ದುಷ್ಟರಿಗೆ 12 ತಿಂಗಳು. ಹಾಗಾಗಿ ಸತ್ತ ತಂದೆಗಾಗಿ ಮಗ ಹೇಳುವ ‘ಕದ್ದಿಷ್’ ಪ್ರಾರ್ಥನೆಯನ್ನು 11 ತಿಂಗಳಿಗೇ ನಿಲ್ಲಿಸುವ ರೂಢಿ. ಪೂರ್ತಿ 12 ಹೇಳಿದರೆ ಅಪ್ಪ ದುಷ್ಟನೆಂದು ಮಗನೇ ಒಪ್ಪಿಕೊಂಡಂತೆ!

ಕ್ರೈಸ್ತರ ಜಗಳ ಬೇರೆ ಬಗೆಯದು. ‘ಸತ್ತವರಿಗೆ ಯಾವ ತಿಳಿವಳಿಕೆಯೂ ಇಲ್ಲ’ ಎನ್ನುತ್ತದೆ ಬೈಬಲ್ಲಿನ ‘ಪ್ರಸಂಗಿ’ ಪುಸ್ತಕದ 9ನೆಯ ಅಧ್ಯಾಯ. ಲೂಕನ ಸುವಾರ್ತೆಯ 16ನೆಯ ಅಧ್ಯಾಯದಲ್ಲಾದರೋ ಸತ್ತ ಧನಿಕ ಪಾತಾಳದಿಂದಲೇ ಅಬ್ರಹಾಮನನ್ನು ಕೂಗಿ, ನಾಲಿಗೆ ತಂಪಾಗಲು ಬೆರಳ ತುದಿಯಷ್ಟು ನೀರು ಬೇಡುತ್ತಾನೆ. ಅಡ್ವೆಂಟಿಸ್ಟರು, ಯೆಹೋವನ ಸಾಕ್ಷಿಗಳು ಮೊದಲನೆಯದನ್ನು ಅಕ್ಷರಶಃ ಹಿಡಿದು ಎರಡನೆಯದನ್ನು ಸಾಮತಿ, ಅಂದರೆ ದೃಷ್ಟಾಂತದ ಕಥೆ, ಎನ್ನುತ್ತಾರೆ. ಕ್ಯಾಥೊಲಿಕರಿಗೂ ಬಹುಪಾಲು ಪ್ರೊಟೆಸ್ಟೆಂಟರಿಗೂ ಸತ್ತವರ ಆತ್ಮ ಎಚ್ಚರವಾಗಿಯೇ ಇರುತ್ತದೆ.

ನಿಮ್ಮ ಎರಡನೆಯ ಬೋಧಕರನ್ನು ಒಂದು ಕೇಳಿ. ಬರೀ ಸಮಾಧಿಯಾದರೆ, ಎಂದೋರ್ ಎಂಬ ಊರಿನಲ್ಲಿ ಸತ್ತವರನ್ನು ಕರೆಸುವ ಹೆಂಗಸಿನ ಕರೆಗೆ ಮೇಲೆದ್ದು ಬಂದ ಸತ್ತ ಪ್ರವಾದಿ ಸಮುವೇಲ ‘ನನ್ನ ವಿಶ್ರಾಂತಿಯನ್ನೇಕೆ ಕೆಡಿಸಿದೆ’ ಎಂದು ಅರಸ ಸೌಲನ ಮೇಲೆ ರೇಗಿದ್ದು ಹೇಗೆ? ಬಂದದ್ದು ಸಮುವೇಲನೇ ಅಲ್ಲ, ಅವನ ವೇಷದ ದೆವ್ವ ಎಂದಾರು. ಆ ವಾದವೂ ಹಳೆಯದೇ. ಆದರೆ ಅಲ್ಲಿನ ಕಥೆಗಾರ ಅವನನ್ನು ಸಮುವೇಲನೆಂದೇ ಕರೆಯುತ್ತಾನೆ.